ಟ್ಯೂನರಿನ ಮುಳ್ಳು, ಎಫ್‌ಎಂ ಅಲೆ

ಬಾನುಲಿಯ ಅಲೆಯನ್ನು ಹಿಡಿದು, ಅದರೊಳಗಿನ ಧ್ವನಿಸಂಕೇತವನ್ನಷ್ಟೇ ಬೇರೆ ಆಂಪ್ಲಿಫೈಯರಿಗೆ ದಾಟಿಸುವ ಪೆಟ್ಟಿಗೆಗೆ ಟ್ಯೂನರ್ ಎಂದು ಹೆಸರು. 1970ರ ದಶಕದ ಮಾರಾಂಟ್ಜ್, ಸ್ಯಾನ್ಸುಯಿ, ಪಯೋನೀರ್ ಟ್ಯೂನರುಗಳನ್ನು ಇಂದಿಗೂ ಜತನದಿಂದ ಕಾಪಾಡಿಕೊಂಡವರು ಆಗಾಗ ಎತ್ತುವ ಪ್ರಶ್ನೆಯೆಂದರೆ, ಅದೇ ನಿಲಯ ಮೊಬೈಲಿಗಿಂತ ಇದರಲ್ಲಿ ಚೆನ್ನಾಗಿ ಕೇಳುವುದು ನಿಜವೇ ಅಥವಾ ಅದು ಹಳೆಯದರ ಮೇಲಿನ ಮೋಹವೇ ಎಂಬುದು.

ಉತ್ತರ ಬೆಂಗಳೂರಿನ ಮಟ್ಟಿಗೆ ಈ ಮೋಹದ ಚರಿತ್ರೆ ತುಸು ವಿಚಿತ್ರವಾದದ್ದು. ಯಶವಂತಪುರಕ್ಕೆ ಹತ್ತಿರದ ಜಾಲಹಳ್ಳಿಯ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಕಾರ್ಖಾನೆಯು 1961ರಲ್ಲಿ ರೇಡಿಯೊ ವಾಲ್ವ್‌ಗಳನ್ನೂ 1962ರಲ್ಲಿ ಜರ್ಮೇನಿಯಂ ಅರೆವಾಹಕಗಳನ್ನೂ ತಯಾರಿಸಲಾರಂಭಿಸಿತು. ಯಲಹಂಕದಲ್ಲಿ ಆಕಾಶವಾಣಿಯ 500 ಕಿಲೋವಾಟ್ ಸಾಮರ್ಥ್ಯದ ಶಾರ್ಟ್‌ವೇವ್ ಪ್ರೇಷಕಗಳು ತಲೆಯೆತ್ತಿದವು. ಆದರೆ ಬಿಇಎಲ್ ವಾಲ್ವ್‌ಗಳ ಕಾಲದ ಮನೆ ರೇಡಿಯೊಗಳು ಹಿಡಿಯುತ್ತಿದ್ದದ್ದು ಬಹುಪಾಲು ಮೀಡಿಯಂ ವೇವ್ ಮತ್ತು ಶಾರ್ಟ್‌ವೇವ್‌ಗಳನ್ನೇ. ದೇಶದ ಮೊದಲ ಖಾಸಗಿ ಎಫ್‌ಎಂ ನಿಲಯವಾದ ರೇಡಿಯೊ ಸಿಟಿ ಬೆಂಗಳೂರಿನಲ್ಲಿ ಪ್ರಸಾರ ಆರಂಭಿಸಿದ್ದು 2001ರ ಜುಲೈ 3ರಂದು. ಆದ್ದರಿಂದ ಇಲ್ಲಿ ಟ್ಯೂನರಿನ ವಯಸ್ಸು ನಿಲಯದ ವಯಸ್ಸಿಗಿಂತ ಹೆಚ್ಚು, ಮತ್ತು ಆ ಟ್ಯೂನರು ತಯಾರಾದದ್ದು ಬೇರೆ ದೇಶಗಳ ಕೇಳುಗರಿಗಾಗಿ.

ಎಫ್‌ಎಂ ತತ್ತ್ವವನ್ನು ವೀಣೆಯ ಮೂಲಕ ಚೆನ್ನಾಗಿ ತಿಳಿಯಬಹುದು. ವೈಣಿಕರು ತಂತಿಯನ್ನು ಮೆಲ್ಲಗೆ ಅಥವಾ ಬಲವಾಗಿ ಮೀಟಿದಾಗ ನಾದದ ಗಟ್ಟಿತನ ಮಾತ್ರ ಬದಲಾಗುತ್ತದೆ; ತಂತಿಯನ್ನು ಬೆರಳಿನಿಂದ ಎಳೆದು ಗಮಕ ನುಡಿಸಿದಾಗ ಸ್ವರವೇ ಏರಿಳಿಯುತ್ತದೆ. ಮೀಡಿಯಂ ವೇವ್ ಪ್ರಸಾರವು ಮೊದಲನೆಯ ಬಗೆಯದು: ವಾಹಕ ತರಂಗದ ಪಾರದಲ್ಲಿ, ಅಂದರೆ ಅದರ ಎತ್ತರದಲ್ಲಿ, ಧ್ವನಿಯನ್ನು ಹೊರಿಸಲಾಗುತ್ತದೆ. ಮಿಂಚು, ಮೋಟಾರು, ವಿದ್ಯುತ್ ಸ್ವಿಚ್ಚುಗಳಿಂದ ಬರುವ ಗದ್ದಲವೂ ಪಾರವನ್ನೇ ಕೆಡಿಸುವುದರಿಂದ ಅಲ್ಲಿ ಗದ್ದಲವನ್ನೂ ಧ್ವನಿಯನ್ನೂ ಬೇರ್ಪಡಿಸಲಾಗದು. ಎಫ್‌ಎಂನಲ್ಲಿ ಏರಿಳಿಯುವುದು ಅಲೆಯ ಆವರ್ತಾಂಕ, ಎಂದರೆ ಸೆಕೆಂಡಿಗೆ ಎಷ್ಟು ಕಂಪನಗಳು ಎಂಬ ಲೆಕ್ಕ. ಕಚೇರಿಯ ಹೊರಗೆ ವಾಹನಗಳ ಸದ್ದಿದ್ದರೂ ಗಮಕದ ಏರಿಳಿತ ಕಿವಿಗೆ ಸ್ಪಷ್ಟವಾಗಿ ತಿಳಿಯುವಂತೆ, ಇಲ್ಲಿ ಪಾರದ ಏರುಪೇರನ್ನೆಲ್ಲ ಲಿಮಿಟರ್ ಎಂಬ ಮಂಡಲವು ಸವರಿಹಾಕಿದರೂ ಸಂಗೀತಕ್ಕೆ ಧಕ್ಕೆಯಾಗುವುದಿಲ್ಲ.

ಈ ಉಪಾಯ ಹೊಳೆದವರು ಹಲವರು, ಆದರೆ 1922ರಲ್ಲಿ ಅಮೆರಿಕದ ಗಣಿತಜ್ಞ ಜಾನ್ ಕಾರ್ಸನ್ ಕಿರಿದಾದ ಏರಿಳಿತವನ್ನಿಟ್ಟುಕೊಂಡು ಲೆಕ್ಕ ಹಾಕಿ ಇದರಿಂದ ಲಾಭವಿಲ್ಲವೆಂದು ತೋರಿಸಿದ ಮೇಲೆ ಆಸಕ್ತಿ ಕುಗ್ಗಿತು. ಅಮೆರಿಕದ ಎಂಜಿನಿಯರ್ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಅವರ ಹಿರಿಮೆಯಿರುವುದು ಗಮಕವನ್ನು ಹಿಗ್ಗಿಸಿದ್ದರಲ್ಲಿ. ಏರಿಳಿತ ದೊಡ್ಡದಾದಷ್ಟೂ ಗದ್ದಲವು ಆವರ್ತಾಂಕದಲ್ಲಿ ಉಂಟುಮಾಡುವ ಸಣ್ಣ ನಡುಕ ಅದರೆದುರು ನಗಣ್ಯವಾಗುತ್ತದೆಂದು ಕಂಡುಕೊಂಡ ಅವರು 1933ರಲ್ಲಿ ಪೇಟೆಂಟ್ ಪಡೆದು, 1935ರಲ್ಲಿ ಅದನ್ನು ತಜ್ಞರ ಮುಂದೆ ಸಾಬೀತುಪಡಿಸಿದರು. ಇಂದಿನ ಪ್ರಸಾರದಲ್ಲಿ 15 ಕಿಲೋಹರ್ಟ್ಸ್‌ವರೆಗಿನ ಧ್ವನಿಗಾಗಿ ಅಲೆಯು ಎರಡೂ ಕಡೆ 75 ಕಿಲೋಹರ್ಟ್ಸ್‌ವರೆಗೆ ತೂಗುತ್ತದೆ. ಶಾಸ್ತ್ರೀಯ ಸಂಗೀತಕ್ಕೆಂದೇ ಆಕಾಶವಾಣಿ ಬೆಂಗಳೂರಿನಲ್ಲಿ 100.1 ಮೆಗಾಹರ್ಟ್ಸ್‌ನ ಅಮೃತವರ್ಷಿಣಿಯನ್ನು ಆರಂಭಿಸಿದಾಗ ಅದಕ್ಕೆ ಎಫ್‌ಎಂ ಸಲ್ಲುವ ಮಾಧ್ಯಮವಾದದ್ದು ಈ ಧಾರಾಳದಿಂದಲೇ.

ಇನ್ನು ಹಳೆಯ ಟ್ಯೂನರಿನ ಪ್ರಶ್ನೆಗೆ ಮರಳಿದರೆ, ಹೆಬ್ಬಾಳದಿಂದ ಯಲಹಂಕದವರೆಗಿನ ಬಳ್ಳಾರಿ ರಸ್ತೆಯ ಎತ್ತರದ ಕಟ್ಟಡಗಳೂ ಮೇಲೆ ಹಾರುವ ವಿಮಾನಗಳೂ ಅಲೆಯನ್ನು ಪ್ರತಿಫಲಿಸುವುದರಿಂದ, ಒಂದೇ ನಿಲಯ ನೇರವಾಗಿಯೂ ಸ್ವಲ್ಪ ತಡವಾಗಿಯೂ ಎರಡು ದಾರಿಗಳಲ್ಲಿ ಆಂಟೆನಾ ತಲುಪುತ್ತದೆ; 300 ಮೀಟರ್ ಹೆಚ್ಚು ದೂರಕ್ಕೆ ಒಂದು ಮೈಕ್ರೊಸೆಕೆಂಡ್ ತಡವಾಗುತ್ತದೆ. ಎರಡು ಅಲೆಗಳಲ್ಲಿ ಬಲವಾದುದನ್ನಷ್ಟೇ ಹಿಡಿದು ಇನ್ನೊಂದನ್ನು ಅದುಮುವುದು ಎಫ್‌ಎಂ ಗ್ರಾಹಕದ ಗುಣ. ಬಲದಲ್ಲಿ ಕನಿಷ್ಠ ಎಷ್ಟು ಅಂತರವಿದ್ದರೆ ಇದು ನಡೆಯುತ್ತದೆಂಬ ಅಳತೆಗೆ ಕ್ಯಾಪ್ಚರ್ ರೇಶಿಯೋ ಎನ್ನುತ್ತಾರೆ, ಉತ್ತಮ ಹಳೆಯ ಟ್ಯೂನರುಗಳಲ್ಲಿ ಅದು 1 ಡೆಸಿಬೆಲ್‌ನ ಆಸುಪಾಸಿನಲ್ಲಿದೆ. ಟ್ಯೂನರ್ ಪ್ರಿಯರ ಮಾತಿಗೆ ಗಟ್ಟಿ ಆಧಾರ ಸಿಗುವುದು ಇಲ್ಲಿ.

ಆದರೆ ಹಳೆಯದೆಂಬ ಒಂದೇ ಕಾರಣಕ್ಕೆ ಕೊಳ್ಳುವುದು ತಪ್ಪು. ಜಪಾನಿನ ಒಳಮಾರುಕಟ್ಟೆಗೆ ತಯಾರಾದ ಆ ಕಾಲದ ಟ್ಯೂನರುಗಳು 76ರಿಂದ 90 ಮೆಗಾಹರ್ಟ್ಸ್‌ವರೆಗೆ ಮಾತ್ರ ಹಿಡಿಯುವುದರಿಂದ ಅವುಗಳಲ್ಲಿ ಆಕಾಶವಾಣಿಯ 101.3ರ ರೇನ್‌ಬೋ ಆಗಲಿ 102.9ರ ವಿವಿಧ ಭಾರತಿಯಾಗಲಿ ಸಿಗದು. ಪ್ರಸಾರದಲ್ಲಿ ಹಿಗ್ಗಿಸಿ ಕಳಿಸಿದ ತಾರಸ್ವರಗಳನ್ನು ಮತ್ತೆ ತಗ್ಗಿಸುವ ಮಂಡಲದ ಕಾಲಾಂಕ ಭಾರತದಲ್ಲಿ 50 ಮೈಕ್ರೊಸೆಕೆಂಡ್, ಅಮೆರಿಕದಲ್ಲಿ 75. ಅಲ್ಲಿಯ ಟ್ಯೂನರನ್ನು ತಂದು ಹಾಗೆಯೇ ಹಚ್ಚಿದರೆ ತಾರಸ್ವರ ಮಂಕಾಗಿ ಕೇಳುತ್ತದೆ, ಮತ್ತು ಇದನ್ನು ಹಲವರು ಹಳೆಯ ಕಾಲದ ಮಾಧುರ್ಯವೆಂದು ಭ್ರಮಿಸುತ್ತಾರೆ. ಬಲ್ಲ ತಂತ್ರಜ್ಞರು ಒಂದು ಕೆಪಾಸಿಟರ್ ಅಥವಾ ರೆಸಿಸ್ಟರ್ ಬದಲಿಸಿ ಇದನ್ನು ಸರಿಪಡಿಸಬಲ್ಲರು. ಹಾಗೆಯೇ 0.2 ಮೆಗಾಹರ್ಟ್ಸ್ ಹೆಜ್ಜೆಯಲ್ಲಿ ಬೆಸಸಂಖ್ಯೆಗಳ ಮೇಲಷ್ಟೇ ಸಾಗುವ ಅಮೆರಿಕದ ಡಿಜಿಟಲ್ ಟ್ಯೂನರುಗಳು 104.0ರಲ್ಲಿ ಸರಿಯಾಗಿ ನಿಲ್ಲವು, ಮುಳ್ಳು ತಿರುಗುವ ಡಯಲಿಗಾದರೋ ಅಂಥ ತೊಡಕಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಆಂಟೆನಾ. 100 ಮೆಗಾಹರ್ಟ್ಸ್ ಅಲೆಯ ಉದ್ದ ಮೂರು ಮೀಟರ್. ಅದರ ಅರ್ಧದಷ್ಟು, ಸುಮಾರು ಒಂದೂವರೆ ಮೀಟರಿನ ಡೈಪೋಲ್ ಆಂಟೆನಾವನ್ನು ಮಾಳಿಗೆಯ ಮೇಲೆ ನೇರ ಅಲೆ ತಲುಪುವಂತೆ ಕಟ್ಟಿದರೆ, ಇಯರ್‌ಫೋನ್ ವಯರನ್ನೇ ಆಂಟೆನಾ ಮಾಡಿಕೊಂಡ ಮೊಬೈಲು ಈ ಟ್ಯೂನರಿಗೆ ಏಕೆ ಸೋಲುತ್ತದೆಂಬುದು ಕಿವಿಗೇ ತಿಳಿಯುತ್ತದೆ, ಅದೇ ಟ್ಯೂನರಿಗೆ ಕೋಣೆಯೊಳಗೆ ಒಂದು ತುಂಡು ತಂತಿ ಸಿಕ್ಕಿಸಿದರೆ ಮೇಲೆ ಹೇಳಿದ ಗುಣಗಳಲ್ಲಿ ಹೆಚ್ಚಿನವು ವ್ಯರ್ಥವಾಗುತ್ತವೆ.