ವಿಲ್ಲಾ ಜೂಲಿಯಾ: ಎಟ್ರಸ್ಕನ್ನರ ದನಿ ಕೇಳಿಸುವ ಮನೆ

ರೋಮ್‌ಗೆ ಹೋದವರು ಕೊಲೋಸಿಯಂ, ವ್ಯಾಟಿಕನ್‌ಗಳ ಮುಂದೆ ಸರತಿಯಲ್ಲಿ ನಿಲ್ಲುತ್ತಾರೆ. ಬೋರ್ಗೇಸೆ ಉದ್ಯಾನದ ಅಂಚಿನ ವಿಲ್ಲಾ ಜೂಲಿಯಾದತ್ತ ಬರುವವರು ಕಡಿಮೆ. ರೋಮ್ ಇನ್ನೂ ಸಣ್ಣ ಊರಾಗಿದ್ದಾಗಲೇ ನಡು ಇಟಲಿಯಲ್ಲಿ ಸಿರಿವಂತ ನಗರಗಳನ್ನು ಕಟ್ಟಿ ಬಾಳಿದ ಎಟ್ರಸ್ಕನ್ನರ ರಾಷ್ಟ್ರೀಯ ಮ್ಯೂಸಿಯಂ ಇಲ್ಲಿದೆ.

ಇದನ್ನು ಗೈಡ್ ಇಲ್ಲದೆಯೂ ನೋಡಬಹುದು. ಆದರೂ ನಿಮ್ಮ ಮನೆಯವರಿಗಷ್ಟೇ ಎಂದು ಒಬ್ಬ ಪರವಾನಗಿ ಪಡೆದ ಗೈಡನ್ನು ಗೊತ್ತುಮಾಡಿಕೊಳ್ಳಿ ಎನ್ನುತ್ತೇನೆ. ಎಟ್ರಸ್ಕನ್ನರ ಸಾಹಿತ್ಯ ನಮ್ಮ ಕೈಗೆ ಬಂದಿಲ್ಲ. ರೋಮ್‌ನ ಚಕ್ರವರ್ತಿ ಕ್ಲಾಡಿಯಸ್ ಈ ಜನರ ಬಗ್ಗೆ ಬರೆದ 20 ಸಂಪುಟಗಳ ಇತಿಹಾಸವೂ ಕಳೆದುಹೋಗಿದೆ. ಉಳಿದಿರುವುದು ಗ್ರೀಕರು, ರೋಮನ್ನರು ಹೇಳಿದ ಮಾತು. ಅವರಿಬ್ಬರೂ ಎಟ್ರಸ್ಕನ್ನರೊಡನೆ ಕಾದಾಡಿದವರು. ಹಾಗಾಗಿ ಇಲ್ಲಿನ ಮಡಕೆ, ಮೂರ್ತಿ, ಒಡವೆಗಳೇ ಸಾಕ್ಷಿ ನುಡಿಯಬೇಕು. ಆ ಸಾಕ್ಷಿಯನ್ನು ಬಿಡಿಸಿ ಹೇಳುವವರೊಬ್ಬರು ಪಕ್ಕದಲ್ಲಿರಬೇಕು.

ಕಟ್ಟಡವೇನೋ ಎಟ್ರಸ್ಕನ್ನರದಲ್ಲ. ಪೋಪ್ ಮೂರನೆಯ ಜೂಲಿಯಸ್‌ಗಾಗಿ 1551ರಿಂದ 1553ರ ನಡುವೆ ಎದ್ದ ವಿಹಾರದ ಮಹಲು ಇದು. ವಿನ್ಯೋಲಾ, ಅಮ್ಮನ್ನಾತಿ, ವಸಾರಿ ಮೂವರ ಕೈಯೂ ಇದರಲ್ಲಿದೆ. 1889ರಲ್ಲಿ ಫೆಲಿಚೆ ಬಾರ್ನಬೇಯಿ ಇಲ್ಲಿ ಮ್ಯೂಸಿಯಂ ಆರಂಭಿಸಿದರು. ಒಳಗೆ ಹೋಗುವ ಮೊದಲು ತೋಟದಲ್ಲಿರುವ ಗುಡಿಯ ಮುಂದೆ ನಿಲ್ಲಬೇಕು. ಅಲಾತ್ರಿ ಎಂಬ ಊರಿನ ಪ್ರಾಚೀನ ಗುಡಿಯನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮತ್ತೆ ಕಟ್ಟಿ ತೋರಿಸಿರುವುದು ಅದು. ಎಟ್ರಸ್ಕನ್ನರ ಗುಡಿಗಳಿಗೆ ಕಲ್ಲಿನದು ತಳಪಾಯ ಮಾತ್ರ. ಮೇಲಿನದೆಲ್ಲ ಮರ, ಹಸಿ ಇಟ್ಟಿಗೆ. ಮಳೆಬಿಸಿಲಿನಿಂದ ಕಾಯಲು ಬಣ್ಣ ಬಳಿದ ಸುಟ್ಟ ಮಣ್ಣಿನ ಫಲಕಗಳನ್ನು ಹೊದಿಸುತ್ತಿದ್ದರು. ಮರ ಮಣ್ಣಾಯಿತು, ಸುಟ್ಟ ಮಣ್ಣು ಉಳಿಯಿತು.

ಇದು ತಿಳಿದ ಮೇಲೆ ವೇಯಿಯ ಅಪೊಲೊನನ್ನು ನೋಡುವ ಬಗೆಯೇ ಬದಲಾಗುತ್ತದೆ. ಮನುಷ್ಯನೆತ್ತರದ ಈ ಮಣ್ಣಿನ ಮೂರ್ತಿ 1916ರಲ್ಲಿ ವೇಯಿಯ ಪೊರ್ತೊನಾಚ್ಚೊ ಗುಡಿಯ ನೆಲೆಯಲ್ಲಿ ಸಿಕ್ಕಿತು. ಕಾಲ ಸುಮಾರು ಕ್ರಿ.ಪೂ. 510. ಇದು ಗರ್ಭಗುಡಿಯ ದೇವರಲ್ಲ, ಮಾಡಿನ ನೆತ್ತಿಯ ಮೇಲೆ ಸಾಲಾಗಿ ನಿಂತಿದ್ದ ಮೂರ್ತಿಗಳಲ್ಲಿ ಒಂದು. ಜಿಂಕೆಯೊಂದಕ್ಕಾಗಿ ಹೆರಾಕ್ಲಿಸ್‌ನೊಡನೆ ಜಗಳಕ್ಕೆ ಹೊರಟ ಅಪೊಲೊ. ಎದುರಿಗಿಂತ ಪಕ್ಕದಲ್ಲಿ ನಿಂತು ನೋಡಿ: ಮುಂದಿಟ್ಟ ಕಾಲು, ಮೈಗಂಟಿದ ಬಟ್ಟೆಯ ನೆರಿಗೆ, ತುಟಿಯಂಚಿನ ನಗು ಎಲ್ಲವೂ ಕೆಳಗೆ ನಿಂತ ಭಕ್ತರ ಕಣ್ಣಿಗೆಂದೇ ಮಾಡಿದ್ದು.

ನನಗೆ ಈ ಮ್ಯೂಸಿಯಮ್ಮಿನ ಹೃದಯವೆಂದರೆ ದಂಪತಿಗಳ ಶವಪೆಟ್ಟಿಗೆ. ಚೆರ್ವೆತೆರಿಯ ಬಂದಿತಾಚ್ಚಾ ಸಮಾಧಿಭೂಮಿಯಲ್ಲಿ 1881ರಲ್ಲಿ ಸಿಕ್ಕಾಗ ಇದು ಸುಮಾರು 400 ಚೂರುಗಳಾಗಿತ್ತು. ಕ್ರಿ.ಪೂ. 520ರ ಸುಮಾರಿನ ಕೆಲಸ. ಮಂಚದ ಮೇಲೆ ಗಂಡ ಹೆಂಡತಿ ಒರಗಿ ಊಟಕ್ಕೆ ಕೂತಿದ್ದಾರೆ. ಅವನ ತೋಳು ಅವಳ ಹೆಗಲ ಮೇಲಿದೆ. ಅವಳಿಗೆ ಚೂಪುಮೂತಿಯ ಮೆಟ್ಟು, ಅವನದು ಬರಿಗಾಲು. ಕೈಗಳಲ್ಲಿದ್ದ ವಸ್ತುಗಳು ಕಳೆದಿವೆ, ಆದರೆ ಬೆರಳುಗಳು ಈಗಲೂ ಮಾತಿನ ನಡುವೆ ಇರುವಂತೆ ಎತ್ತಿಕೊಂಡಿವೆ. ಗ್ರೀಕರ ಪಾನಗೋಷ್ಠಿಯಲ್ಲಿ ಮನೆಯ ಹೆಂಡತಿಗೆ ಜಾಗವಿರಲಿಲ್ಲ. ಎಟ್ರಸ್ಕನ್ ಹೆಂಗಸು ಗಂಡಸಿಗೆ ಸಮನಾಗಿ ಊಟಕ್ಕೆ ಕೂರುವುದನ್ನು ಥಿಯೊಪೊಂಪಸ್‌ನಂಥ ಗ್ರೀಕ್ ಲೇಖಕ ಲಜ್ಜೆಗೆಟ್ಟ ನಡತೆ ಎಂಬಂತೆ ಚಿತ್ರಿಸಿದ. ಆ ಮಾತಿಗೆ ಉತ್ತರ ಈ ಪೆಟ್ಟಿಗೆಯ ಮೇಲಿದೆ. ಶಾಸನಗಳಲ್ಲೂ ಹಾಗೆಯೇ: ರೋಮ್‌ನ ಹೆಣ್ಣು ತಂದೆಯ ಕುಲದ ಹೆಸರಿನಿಂದ ಗುರುತಾದರೆ, ಎಟ್ರಸ್ಕನ್ ಹೆಣ್ಣಿಗೆ ರಾಮ್ಥಾ, ಥಾನಾ ಎಂದು ತನ್ನದೇ ಹೆಸರಿತ್ತು. ನಿಮ್ಮ ಸಮಯದ ಅರ್ಧವನ್ನು ಈ ಒಂದು ಕೋಣೆಯಲ್ಲೇ ಕಳೆದರೂ ನಷ್ಟವಿಲ್ಲ.

ಇನ್ನೊಂದು ಕಡೆ ಪಿರ್ಗಿಯ ಮೂರು ಚಿನ್ನದ ತಗಡುಗಳಿವೆ. 1964ರಲ್ಲಿ ಮಾಸ್ಸಿಮೊ ಪಲ್ಲೊತ್ತಿನೊ ಮುಂದಾಳತ್ವದ ಉತ್ಖನನದಲ್ಲಿ ಇವು ಸುರುಳಿ ಸುತ್ತಿದ ಸ್ಥಿತಿಯಲ್ಲಿ ಸಿಕ್ಕವು. ಬಡಿದಿದ್ದ ಮೊಳೆಗಳೂ ಒಳಗೇ ಇದ್ದವು. ಎರಡರಲ್ಲಿ ಎಟ್ರಸ್ಕನ್ ಬರಹ, ಒಂದರಲ್ಲಿ ಫಿನೀಷಿಯನ್. ಚೆರ್ವೆತೆರಿಯ ದೊರೆ ಥೆಫಾರಿಯೆ ವೆಲಿಯಾನಾಸ್ ದೇವಿಗೆ ಕಾಣಿಕೆ ಒಪ್ಪಿಸಿದ ವಿಷಯ ಅದು. ದೇವಿ ಅವನ ಜನಕ್ಕೆ ಊನಿ, ಕಡಲಾಚೆಯಿಂದ ಬಂದ ವ್ಯಾಪಾರಿಗಳಿಗೆ ಅಸ್ತಾರ್ತೆ. ಎಟ್ರಸ್ಕನ್ ಲಿಪಿ ಗ್ರೀಕ್ ಮೂಲದ್ದು, ಓದಲು ಬರುತ್ತದೆ. ಆದರೆ ಆ ನುಡಿಗೆ ಬದುಕಿರುವ ನೆಂಟ ನುಡಿಯೊಂದೂ ಇಲ್ಲದ್ದರಿಂದ ಅರ್ಥ ಎಷ್ಟೋ ಕಡೆ ಕೈಗೆ ಸಿಗುವುದಿಲ್ಲ. ಹೆಚ್ಚು ತಿಳಿದಿರುವ ಫಿನೀಷಿಯನ್ ಬರಹ ಪಕ್ಕದಲ್ಲಿ ದೊರೆತದ್ದು ವಿದ್ವಾಂಸರಿಗೆ ದೊಡ್ಡ ಆಸರೆ.

ಕಸ್ತೆಲ್ಲಾನಿ ಮನೆತನದ ಒಡವೆ ಸಂಗ್ರಹದಲ್ಲಿ ರಾಗಿ ಕಾಳಿಗಿಂತಲೂ ಎಷ್ಟೋ ಸಣ್ಣ ಚಿನ್ನದ ಕಣಗಳನ್ನು ಕೂರಿಸಿದ ಕುಸುರಿಯಿದೆ, ಭೂತಗನ್ನಡಿ ಒಯ್ಯಿರಿ. ಪಾಲೆಸ್ತ್ರಿನಾದ ಫಿಕೊರೊನಿ ಕಂಚಿನ ಪೆಟ್ಟಿಗೆಯ ಮೇಲೆ, ಅದನ್ನು ಮಗಳಿಗೆ ಕೊಟ್ಟ ತಾಯಿ ದಿಂದಿಯಾ ಮಕೊಲ್ನಿಯಾಳ ಹೆಸರೂ ರೋಮ್‌ನಲ್ಲಿ ಮಾಡಿದ ನೋವಿಯೊಸ್ ಪ್ಲೌತಿಯೊಸ್‌ನ ಹೆಸರೂ ಇವೆ.

ಕಳ್ಳಸಾಗಣೆಯ ಕತೆಯನ್ನೂ ಗೈಡ್ ಬಾಯಲ್ಲಿ ಕೇಳಬೇಕು. ಅಥೆನ್ಸಿನ ಯೂಫ್ರೋನಿಯೊಸ್ ಚಿತ್ರ ಬರೆದ ದೊಡ್ಡ ಮದ್ಯಪಾತ್ರೆಯೊಂದನ್ನು 1971ರಲ್ಲಿ ಚೆರ್ವೆತೆರಿಯ ಸಮಾಧಿಯಿಂದ ಕದ್ದರು. ಮರುವರ್ಷ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಅದಕ್ಕೆ 10 ಲಕ್ಷ ಡಾಲರ್ ಕೊಟ್ಟಿತು. 2008ರಲ್ಲಿ ಅದು ಇಟಲಿಗೆ ಮರಳಿ, ಕೆಲವು ವರ್ಷ ವಿಲ್ಲಾ ಜೂಲಿಯಾದಲ್ಲಿತ್ತು. ಪಾತ್ರೆ ಬಂತು, ಆದರೆ ಅದು ಯಾರ ಸಮಾಧಿಯಲ್ಲಿತ್ತು, ಪಕ್ಕದಲ್ಲಿ ಏನೇನಿತ್ತು ಎಂಬುದನ್ನು ಕಳ್ಳರ ಗುದ್ದಲಿ ಅಳಿಸಿಹಾಕಿದೆ. ಪುಸ್ತಕವಿಲ್ಲದ ಜನಕ್ಕೆ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ.

ಆ ಪಾತ್ರೆ ಈಗ ಚೆರ್ವೆತೆರಿಯ ಮ್ಯೂಸಿಯಮ್ಮಿನಲ್ಲಿದೆ. ಮರುದಿನ ಬಿಡುವಿದ್ದರೆ ಅಲ್ಲಿಗೂ ಹೋಗಿ. 2004ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಬಂದಿತಾಚ್ಚಾದ ಸಮಾಧಿಗಳೂ ಅದೇ ಊರಿನಲ್ಲಿವೆ. ವಿಲ್ಲಾ ಜೂಲಿಯಾಕ್ಕೆ ಸೋಮವಾರ ರಜೆ.