ಸಹೋದ್ಯೋಗಿಯೇ ಪರೀಕ್ಷಕನಾದಾಗ

ಸರ್ಕಾರಿ ಆಸ್ಪತ್ರೆಗೆ ಹೋದವರು ಗೋಡೆಯ ಮೇಲೆ ‘ಕಾಯಕಲ್ಪ ಪ್ರಶಸ್ತಿ ಪುರಸ್ಕೃತ’ ಎಂಬ ಫಲಕವನ್ನು ಕಂಡಿರಬಹುದು. ಆಯುರ್ವೇದದಲ್ಲಿ ಕಾಯಕಲ್ಪವೆಂದರೆ ಜೀರ್ಣಗೊಂಡ ದೇಹವನ್ನು ಮರಳಿ ನವಗೊಳಿಸುವ ಚಿಕಿತ್ಸೆ. ಆ ಹೆಸರನ್ನು ಕೇಂದ್ರ ಆರೋಗ್ಯ ಮಂತ್ರಾಲಯವು 2015ರಲ್ಲಿ ಆಸ್ಪತ್ರೆಗಳ ಸ್ವಚ್ಛತೆಯ ಯೋಜನೆಯೊಂದಕ್ಕೆ ಇಟ್ಟಿತು. ಫಲಕವನ್ನು ನೋಡಿದ ರೋಗಿಯ ಮನಸ್ಸಿನಲ್ಲಿ ಮೂಡಬೇಕಾದ ಪ್ರಶ್ನೆ ಒಂದಿದೆ: ಇದಕ್ಕೆ ಅಂಕ ಕೊಟ್ಟವರು ಯಾರು?

ಅಂಕ ನೀಡಿಕೆ ಮೂರು ಹಂತಗಳಲ್ಲಿ ನಡೆಯುತ್ತದೆ. ಮೊದಲು ಆಸ್ಪತ್ರೆಯವರೇ ತಮ್ಮನ್ನು ತಾವು ಪರೀಕ್ಷಿಸಿಕೊಳ್ಳುತ್ತಾರೆ. ಅದರಲ್ಲಿ ಶೇಕಡಾ 70 ಅಂಕ ಗಳಿಸಿದರೆ ಮತ್ತೊಂದು ಸರ್ಕಾರಿ ಆಸ್ಪತ್ರೆಯ ವೈದ್ಯರು, ಶುಶ್ರೂಷಕಿಯರು ಬಂದು ನೋಡುತ್ತಾರೆ. ಅಲ್ಲಿಯೂ ಗೆದ್ದರೆ ಹೊರಗಿನ ತಂಡದ ಅಂತಿಮ ಪರೀಕ್ಷೆ. ಜನರಿಗೆ ಅತ್ಯಂತ ಕಡಿಮೆ ತಿಳಿದಿರುವುದು ನಡುವಿನ ಹಂತ. ಅದರಲ್ಲಿ ಪರೀಕ್ಷಕರಾಗಿ ಕೆಲವು ಬಾರಿ ಹೋಗಿಬಂದ ನಾವು ಅದನ್ನೇ ಇಲ್ಲಿ ವಿವರಿಸುತ್ತೇವೆ.

ವೃತ್ತಿಬಾಂಧವರಿಂದಲೇ ಪರೀಕ್ಷೆ ಮಾಡಿಸುವ ಕ್ರಮ ನಮ್ಮಲ್ಲಿ ಮಾತ್ರ ಇಲ್ಲ. ಅಮೆರಿಕದಲ್ಲಿ ಸಾರ್ವಜನಿಕ ಆರೋಗ್ಯ ಇಲಾಖೆಗಳಿಗೇ ಮಾನ್ಯತೆ ಕೊಡುವ ಮಂಡಳಿಯೊಂದು 2007ರಲ್ಲಿ ಸ್ಥಾಪನೆಯಾಯಿತು. 2013ರಲ್ಲಿ ಮೊದಲ 11 ಇಲಾಖೆಗಳು ಮಾನ್ಯತೆ ಪಡೆದವು. ಅಲ್ಲಿ ಇಲಾಖೆಯ ದಾಖಲೆಗಳನ್ನು ಓದಿ, ಸ್ಥಳಕ್ಕೆ ಹೋಗಿ ವರದಿ ಬರೆಯುವ ಕಾರ್ಯಕ್ಕೆ ಬೇರೆ ಊರುಗಳ ಆರೋಗ್ಯ ಇಲಾಖೆಗಳಲ್ಲಿ ದುಡಿದ ಅನುಭವಿಗಳು ಸ್ವಯಂಸೇವಕರಾಗಿ ಮುಂದೆ ಬರುತ್ತಾರೆ. ಇದರ ಹಿಂದಿನ ತರ್ಕ ಸರಳ. ಕಡತ ನೋಡುವ ಅಧಿಕಾರಿಯನ್ನು ನಂಬಿಸುವುದು ಸುಲಭ; ಅದೇ ಕೆಲಸ ಮಾಡುವವನನ್ನು ನಂಬಿಸುವುದು ಕಷ್ಟ.

ಪರೀಕ್ಷಕನ ಕೈಯಲ್ಲಿರುವುದು ಉದ್ದನೆಯ ಪಟ್ಟಿ. ಯೋಜನೆ ಆರಂಭವಾದಾಗ ಜಿಲ್ಲಾ ಆಸ್ಪತ್ರೆಯ ಪಟ್ಟಿಯಲ್ಲಿ 250 ಅಂಶಗಳಿದ್ದವು. ಪೂರ್ಣವಾಗಿ ಪಾಲಿಸಿದ್ದರೆ 2, ಅರೆಬರೆಯಾಗಿದ್ದರೆ 1, ಇಲ್ಲವಾದರೆ ಸೊನ್ನೆ. ಒಟ್ಟು 500 ಅಂಕ. ಆವರಣದ ನಿರ್ವಹಣೆ, ನೈರ್ಮಲ್ಯ, ತ್ಯಾಜ್ಯ ವಿಲೇವಾರಿ, ಸೋಂಕು ನಿಯಂತ್ರಣ, ಬಟ್ಟೆ ಒಗೆಯುವುದೇ ಮೊದಲಾದ ಪೂರಕ ಸೇವೆಗಳು, ಸ್ವಚ್ಛತೆಯ ಪ್ರಚಾರ ಎಂಬ ಆರು ವಿಭಾಗಗಳಲ್ಲಿ ಇವು ಹರಡಿಕೊಂಡಿದ್ದವು. ನಿರ್ಣಯಕ್ಕೆ ಬರುವ ದಾರಿಗಳು ನಾಲ್ಕು: ಕಣ್ಣಾರೆ ನೋಡುವುದು, ಸಿಬ್ಬಂದಿಯನ್ನು ಕೇಳುವುದು, ದಾಖಲೆ ಓದುವುದು, ರೋಗಿಯನ್ನು ಮಾತನಾಡಿಸುವುದು. ನಾಲ್ಕನೆಯದನ್ನು ಅವಸರದಲ್ಲಿ ಮುಗಿಸುವ ಪರೀಕ್ಷಕರೇ ಹೆಚ್ಚು. ಅದು ತಪ್ಪೆಂದು ನಮ್ಮ ಅಭಿಪ್ರಾಯ.

ನೋಡುವುದನ್ನೂ ಕಲಿಯಬೇಕಾಗುತ್ತದೆ. ಹಳದಿ, ಕೆಂಪು, ಬಿಳಿ, ನೀಲಿ ಡಬ್ಬಿಗಳು ಸಾಲಾಗಿ ನಿಂತಿರುವುದು ಸಾಲದು. ಮುಚ್ಚಳ ತೆರೆದು ನೋಡಬೇಕು. ರಕ್ತ ಮೆತ್ತಿದ ಹತ್ತಿ ಹಳದಿಯಲ್ಲಿ, ಗ್ಲೂಕೋಸ್ ಹಾಕಿದ ಪ್ಲಾಸ್ಟಿಕ್ ನಳಿಗೆ ಕೆಂಪಿನಲ್ಲಿ, ಸೂಜಿ ಮತ್ತು ಬ್ಲೇಡು ಚುಚ್ಚಿದರೂ ತೂತಾಗದ ಬಿಳಿಯ ಡಬ್ಬಿಯಲ್ಲಿ, ಔಷಧದ ಗಾಜಿನ ಸೀಸೆ ನೀಲಿಯಲ್ಲಿ ಇರಬೇಕು. ಕೆಂಪು ಚೀಲದಲ್ಲಿ ಒಂದು ಸೂಜಿ ಸಿಕ್ಕಿತೆಂದರೆ, ಅದನ್ನು ಹೊತ್ತೊಯ್ಯುವ ಸ್ವಚ್ಛತಾ ಕಾರ್ಮಿಕಳ ಕೈಗೆ ಹೆಪಟೈಟಿಸ್ ಬಿ ಅಂಟುವ ಅಪಾಯವಿದೆ ಎಂದರ್ಥ. ನೆಲ ಒರೆಸುವವರನ್ನು ‘ಬ್ಲೀಚಿಂಗ್ ಪುಡಿ ಹೇಗೆ ಕಲಸುತ್ತೀರಿ?’ ಎಂದು ಕೇಳಿದರೆ, ‘ಒಂದು ಹಿಡಿ’ ಎನ್ನುತ್ತಾರೆ. ಶೇಕಡಾ 30ರಷ್ಟು ಕ್ಲೋರಿನ್ ಇರುವ ಪುಡಿಯಾದರೆ, ಶೇಕಡಾ 1ರ ದ್ರಾವಣಕ್ಕೆ ಲೀಟರ್ ನೀರಿಗೆ ಸುಮಾರು 33 ಗ್ರಾಂ ಬೇಕು. ಅಳತೆಯ ಚಮಚವನ್ನು ಯಾರೂ ಕೊಟ್ಟಿರುವುದಿಲ್ಲ. ತಪ್ಪು ಹಿಡಿಯ ಕಡೆಗಲ್ಲ, ಚಮಚ ಕೊಡದವರ ಕಡೆಗೆ.

ಒಂದು ತಾಲೂಕು ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ನಡೆದುದನ್ನು ಹೇಳಲೇಬೇಕು. ಎಲ್ಲವೂ ಚೊಕ್ಕಟವಾಗಿತ್ತು. ಉಪಕರಣಗಳನ್ನು ಆವಿಯಲ್ಲಿ ಶುದ್ಧಗೊಳಿಸುವ ಆಟೋಕ್ಲೇವ್ ಯಂತ್ರದ ರಿಜಿಸ್ಟರನ್ನು ತೆರೆದೆವು. ಪ್ರತಿದಿನವೂ 121 ಡಿಗ್ರಿ, 15 ಪೌಂಡ್ ಒತ್ತಡ, 30 ನಿಮಿಷ. ಎಲ್ಲ ಸಾಲುಗಳೂ ಒಂದೇ ಶಾಯಿ, ಒಂದೇ ಅಕ್ಷರ. ಪುಟದ ಕೊನೆಯ ಸಾಲಿನಲ್ಲಿ ಮರುದಿನದ ತಾರೀಖು ಕೂಡ ತುಂಬಿತ್ತು. ಯಂತ್ರ ಸರಿಯಾಗಿ ಕಾದಿದೆಯೆಂದು ಬಣ್ಣ ಬದಲಿಸಿ ತೋರಿಸುವ ಪಟ್ಟಿಯ ತುಂಡು ಒಂದೂ ಅಂಟಿಸಿರಲಿಲ್ಲ.

ಹಿರಿಯ ಶುಶ್ರೂಷಕಿ ತಲೆ ತಗ್ಗಿಸಲಿಲ್ಲ. ‘ಸರ್, ನಿಮ್ಮ ಆಸ್ಪತ್ರೆಯಲ್ಲೂ ರಾತ್ರಿ ಪಾಳಿಗೆ ಒಬ್ಬರೇ ಸಿಸ್ಟರ್ ಅಲ್ವಾ? ನಿಮಗೆ ಗೊತ್ತಿಲ್ಲದ್ದೇನು?’ ಎಂದರು. ಆ ಮಾತು ನಿಜವಾಗಿತ್ತು. ಸಮಾನರ ಪರೀಕ್ಷೆಯ ಬಲವೂ ಅಪಾಯವೂ ಅದೇ. ಅವರ ಕಷ್ಟ ನಮಗೆ ಗೊತ್ತಿರುವುದರಿಂದಲೇ ತಪ್ಪು ಕಾಣಿಸುತ್ತದೆ. ಗೊತ್ತಿರುವುದರಿಂದಲೇ ಮುಚ್ಚಿಹಾಕುವ ಮನಸ್ಸೂ ಆಗುತ್ತದೆ. ಸಾಲದ್ದಕ್ಕೆ ನಾಳೆ ಇನ್ನೊಂದು ತಂಡ ನಮ್ಮಲ್ಲಿಗೂ ಬರುತ್ತದೆಂಬ ಲೆಕ್ಕಾಚಾರ. ಎರಡು ಆಸ್ಪತ್ರೆಗಳು ಪರಸ್ಪರ ಒಂದನ್ನೊಂದು ಪರೀಕ್ಷಿಸಬಾರದೆಂಬ ನಿಯಮ ಇರುವುದು ಇದಕ್ಕಾಗಿಯೇ.

ಆ ಅಂಶಕ್ಕೆ ಸೊನ್ನೆ ಹಾಕಿದೆವು. ಸೊನ್ನೆಯ ಪಕ್ಕದಲ್ಲಿ ರಾತ್ರಿ ಪಾಳಿಯ ಸಿಬ್ಬಂದಿಯ ಕೊರತೆಯನ್ನೂ ಬರೆದೆವು. ಏಕೆಂದರೆ ಕಾರಣ ಬರೆಯದ ಸೊನ್ನೆ ಮೇಲಿನವರನ್ನು ತಲುಪಿದಾಗ ಆ ಒಬ್ಬ ಸಿಸ್ಟರ್‌ಗೆ ನೋಟಿಸ್ ಆಗಿ ಮಾತ್ರ ಹಿಂದಿರುಗುತ್ತದೆ. ಶುದ್ಧವಾಗದ ಕತ್ತರಿಯಿಂದ ಹೊಕ್ಕುಳಬಳ್ಳಿ ಕತ್ತರಿಸಿದರೆ ಶಿಶುವಿಗೆ ಆಗುವ ಸೋಂಕು ನಮ್ಮ ದಾಕ್ಷಿಣ್ಯವನ್ನು ಕೇಳುವುದಿಲ್ಲ. ಮರುದಿನ ಬೆಳಿಗ್ಗೆ ಮೊದಲ ಕೆಲಸವಾಗಿ ನಮ್ಮದೇ ಆಸ್ಪತ್ರೆಯ ರಿಜಿಸ್ಟರ್ ತೆರೆದು ನೋಡಿದೆವು. ಮುಂದಿನ ತಾರೀಖುಗಳಿರಲಿಲ್ಲ. ಆದರೆ ಬಣ್ಣದ ಪಟ್ಟಿ ಮೂರು ವಾರಗಳಿಂದ ಅಲ್ಲಿಯೂ ಇರಲಿಲ್ಲ. ದಾಸ್ತಾನು ಮುಗಿದಿತ್ತು, ಬೇಡಿಕೆ ಪತ್ರಕ್ಕೆ ಸಹಿ ಹಾಕಬೇಕಾದವರು ನಾವೇ ಆಗಿದ್ದೆವು.

ಪ್ರಶಸ್ತಿಯ ಹಣದ ಬಗೆಗೂ ಜನರಿಗೆ ತಿಳಿದಿರಬೇಕು. ಜಿಲ್ಲೆಯ ಅತ್ಯುತ್ತಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 2 ಲಕ್ಷ ರೂಪಾಯಿ, ಅರ್ಹತೆಯ ಅಂಕ ದಾಟಿದ ಇತರ ಕೇಂದ್ರಗಳಿಗೆ 50 ಸಾವಿರ ಎಂದು ಮಾರ್ಗಸೂಚಿ ಗೊತ್ತುಪಡಿಸಿತು. ಅದರಲ್ಲಿ ಶೇಕಡಾ 75 ಭಾಗ ಆಸ್ಪತ್ರೆಯ ಸೌಕರ್ಯಕ್ಕೇ ಹೋಗಬೇಕು. ಉಳಿದ 25 ಸಿಬ್ಬಂದಿಗೆ ಪ್ರೋತ್ಸಾಹಧನ. ನಿಮ್ಮೂರಿನ ಆರೋಗ್ಯ ರಕ್ಷಾ ಸಮಿತಿಯಲ್ಲಿ ಸದಸ್ಯರಾಗಿರುವವರು ಆ ಮುಕ್ಕಾಲು ಭಾಗ ಯಾವುದಕ್ಕೆ ಖರ್ಚಾಯಿತೆಂದು ಸಭೆಯಲ್ಲಿ ಕೇಳಬಹುದು. ಕೇಳಬೇಕು.

ಇನ್ನು, ನೀವು ಅಥವಾ ನಿಮ್ಮವರು ಸರ್ಕಾರಿ ಆಸ್ಪತ್ರೆಯಲ್ಲಿ ಒಳರೋಗಿಗಳಾಗಿರುವಾಗ ಪಟ್ಟಿ ಹಿಡಿದ ಇಬ್ಬರು ಮೂವರು ಅಪರಿಚಿತರು ಮಂಚದ ಬಳಿಗೆ ಬಂದು, ‘ಹಾಸಿಗೆಯ ಬಟ್ಟೆ ಯಾವಾಗ ಬದಲಿಸಿದರು? ಶೌಚಾಲಯದಲ್ಲಿ ನೀರು ಬರುತ್ತದೆಯೇ? ಸೂಜಿ ಹಾಕುವ ಮುನ್ನ ಕೈ ತೊಳೆದರೇ?’ ಎಂದು ಕೇಳಿದರೆ, ಪಕ್ಕದಲ್ಲಿ ನಿಂತ ಸಿಬ್ಬಂದಿಯ ಮುಖ ನೋಡದೆ, ಕಂಡದ್ದನ್ನು ಕಂಡಂತೆ ಹೇಳಿರಿ. ಸಿಬ್ಬಂದಿ ಎದುರಿಗಿದ್ದಾರೆಂದು ಸಂಕೋಚವಾದರೆ ಅವರನ್ನು ಸ್ವಲ್ಪ ದೂರ ಕಳುಹಿಸುವಂತೆ ಪರೀಕ್ಷಕರನ್ನೇ ಕೋರಬಹುದು.