ಏಕಾದಶಿಯ ಹಸಿವು, ಗೇರುಸಿಪ್ಪೆಯ ಎಣ್ಣೆ

ಏಕಾದಶಿಯಂದು ನಮ್ಮಜ್ಜಿ ತೊಟ್ಟು ನೀರನ್ನೂ ಮುಟ್ಟುತ್ತಿರಲಿಲ್ಲ. ಆದರೂ ಸಂಜೆ ತುಳಸಿಕಟ್ಟೆಗೆ ದೀಪ ಹಚ್ಚುವಾಗ ಅವರ ಕೈ ನಡುಗುತ್ತಿರಲಿಲ್ಲ, ಹಾಡುತ್ತಿದ್ದ ಹಾಡಿನ ಸಾಲು ತಪ್ಪುತ್ತಿರಲಿಲ್ಲ. ಹೊಟ್ಟೆ ಖಾಲಿಯಿದ್ದರೂ ಮಿದುಳಿಗೆ ಬೇಕಾದ ಗ್ಲೂಕೋಸ್ ರಕ್ತದಲ್ಲಿತ್ತು. ಮೊದಲು ಅದು ಬರುವುದು ಲಿವರ್ ಕೂಡಿಟ್ಟ ಗ್ಲೈಕೋಜನ್‌ನಿಂದ. ಆ ದಾಸ್ತಾನು ಕರಗುತ್ತ ಬಂದಂತೆ ಲಿವರ್ ತಾನೇ ಹೊಸ ಗ್ಲೂಕೋಸ್ ತಯಾರಿಸತೊಡಗುತ್ತದೆ. ಅದಕ್ಕೆ ಬೇಕಾದ ಕಿಣ್ವಗಳನ್ನು ಮಾಡಿಸುವ ವಂಶವಾಹಿಗಳು ಊಟದ ಹೊತ್ತಿನಲ್ಲಿ ಬಹುಮಟ್ಟಿಗೆ ಸುಮ್ಮನಿರುತ್ತವೆ. ಹಸಿವಿನ ಸುದ್ದಿಯನ್ನು ಅವಕ್ಕೆ ಮುಟ್ಟಿಸುವವರು ಯಾರು?

ಸುದ್ದಿ ಹೊರಡುವುದು ಮೇದೋಜೀರಕ ಗ್ರಂಥಿಯಿಂದ, ಗ್ಲೂಕಗಾನ್ ಎಂಬ ಹಾರ್ಮೋನಿನ ರೂಪದಲ್ಲಿ. ಸುದ್ದಿ ಮುಟ್ಟಿಸಲು ಅದು ಲಿವರ್ ಕೋಶದ ಒಳಗೆ ಕಾಲಿಡಬೇಕಿಲ್ಲ. ಹೊರಗಿನ ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ, ಅಷ್ಟೇ. ಒಳಗೆ ಸೈಕ್ಲಿಕ್ ಎಎಂಪಿ ಎಂಬ ಪುಟ್ಟ ಅಣುವಿನ ಮಟ್ಟ ಏರುತ್ತದೆ. ಅದರಿಂದ ಪಿಕೆಎ ಎಂಬ ಕಿಣ್ವ ಎಚ್ಚರಗೊಂಡು ಕೋಶಕೇಂದ್ರಕ್ಕೆ ನುಗ್ಗಿ, ಕ್ರೆಬ್ ಎಂಬ ಪ್ರೋಟೀನಿನ 133ನೇ ಸ್ಥಾನದಲ್ಲಿರುವ ಸೀರಿನ್ ಎಂಬ ಅಮೈನೋ ಆಮ್ಲಕ್ಕೆ ಒಂದು ಫಾಸ್ಫೇಟ್ ಅಂಟಿಸುತ್ತದೆ. ಆ ಗುರುತು ಕಂಡು ಸಿಬಿಪಿ ಮತ್ತು ಪಿ300 ಎಂಬ ಎರಡು ದೊಡ್ಡ ಕಿಣ್ವಗಳು ಬಂದು ಕೂಡುತ್ತವೆ. ನಿಜವಾದ ಕೆಲಸ ಇಲ್ಲಿಂದ ಶುರು.

ಒಂದೊಂದು ಕೋಶದಲ್ಲೂ ಸುಮಾರು ಎರಡು ಮೀಟರ್ ಉದ್ದದ ಡಿಎನ್‌ಎ ಇದೆ. ಅದು ಬಿಡಿ ದಾರವಾಗಿ ಬಿದ್ದಿಲ್ಲ. ಎಂಟು ಹಿಸ್ಟೋನ್ ಪ್ರೋಟೀನುಗಳು ಸೇರಿದ ಗುಂಡಿಗೆ 147 ಅಕ್ಷರ-ಜೋಡಿಗಳಷ್ಟು ದಾರ ಎರಡು ಸುತ್ತಿಗೆ ತುಸು ಕಡಿಮೆ ಸುತ್ತಿಕೊಂಡಿದೆ. ಹೀಗೆ ಗುಂಡಿನ ಮೇಲೆ ಗುಂಡು. ಬಿಗಿಯಾಗಿ ಸುತ್ತಿದ ಕಡೆ ವಂಶವಾಹಿಯನ್ನು ಓದುವ ಯಂತ್ರಕ್ಕೆ ದಾರಿಯಿಲ್ಲ. ಗುಂಡಿನಿಂದ ಹೊರಚಾಚಿದ ಹಿಸ್ಟೋನ್ ಬಾಲಗಳಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಹೆಚ್ಚು. ಅದರ ಧನ ವಿದ್ಯುದಂಶ ಡಿಎನ್‌ಎಯ ಋಣ ವಿದ್ಯುದಂಶವನ್ನು ಹಿಡಿದಿಟ್ಟಿರುತ್ತದೆ. ಪಿ300 ಆ ಲೈಸಿನ್‌ಗೆ ಅಸಿಟೈಲ್ ಎಂಬ ಚಿಕ್ಕ ತುಣುಕು ಅಂಟಿಸಿದರೆ ವಿದ್ಯುದಂಶ ಅಳಿಯುತ್ತದೆ, ಹಿಡಿತ ಸಡಿಲುತ್ತದೆ. ಆ ತುಣುಕೇ ಗುರುತಾಗಿ ಬೇರೆ ಪ್ರೋಟೀನುಗಳನ್ನೂ ಕರೆಯುತ್ತದೆ. ವಂಶವಾಹಿ ತೆರೆದುಕೊಂಡು ಗ್ಲೂಕೋಸ್ ತಯಾರಿ ಸಾಗುತ್ತದೆ. ದ್ವಾದಶಿಯ ಪಾರಣೆ ಮುಗಿದ ಮೇಲೆ ಇನ್ಸುಲಿನ್ ಏರಿ ಇದನ್ನೆಲ್ಲ ಹಿಂತೆಗೆಸುತ್ತದೆ. ಡಿಎನ್‌ಎಯ ಒಂದಕ್ಷರವೂ ಬದಲಾಗುವುದಿಲ್ಲ.

ಈ ಅಸಿಟೈಲ್ ಬರುವುದಾದರೂ ಎಲ್ಲಿಂದ? ಉಂಡ ಅನ್ನ, ಕರಗಿದ ಕೊಬ್ಬಿನಿಂದ. ನನಗೆ ಈ ವಿಷಯದಲ್ಲಿ ಅತ್ಯಂತ ಬೆರಗು ತರುವುದು ಇದೇ.

ಅಸಿಟೈಲ್‌ಗೂ ವಂಶವಾಹಿಯ ಚಟುವಟಿಕೆಗೂ ನಂಟಿದೆ ಎಂದು ನ್ಯೂಯಾರ್ಕಿನ ವಿನ್ಸೆಂಟ್ ಆಲ್‌ಫ್ರಿ 1964ರಲ್ಲೇ ಸೂಚಿಸಿದ್ದರು. ಹೆಚ್ಚಿನವರು ಕಿವಿಗೊಡಲಿಲ್ಲ. 1996ರಲ್ಲಿ ಡೇವಿಡ್ ಆಲಿಸ್ ತಂಡ, ಕೊಳದ ನೀರಿನಲ್ಲಿ ಈಜಾಡುವ ಟೆಟ್ರಾಹೈಮಿನಾ ಎಂಬ ಏಕಕೋಶ ಜೀವಿಯಿಂದ ಅಸಿಟೈಲ್ ಅಂಟಿಸುವ ಕಿಣ್ವವನ್ನು ಗುರುತಿಸಿದ ಮೇಲೆ ಸಂದೇಹ ಕರಗಿತು. ಅದೇ ವರ್ಷ ಸ್ಟುವರ್ಟ್ ಶ್ರೈಬರ್ ತಂಡಕ್ಕೆ ಅಸಿಟೈಲ್ ಕೀಳುವ ಕಿಣ್ವವೂ ಸಿಕ್ಕಿತು.

ಅಂಟಿಸುವುದು ಅತಿಯಾದರೆ ಅಥವಾ ಕಡಿಮೆಯಾದರೆ ರೋಗ. ಟೈಪ್ 2 ಮಧುಮೇಹದಲ್ಲಿ ಉಂಡ ಮೇಲೂ ಲಿವರ್ ಗ್ಲೂಕೋಸ್ ತಯಾರಿಸುವುದನ್ನು ಸಾಕಷ್ಟು ತಗ್ಗಿಸುವುದಿಲ್ಲ. ಹುಟ್ಟುವಾಗಲೇ ಸಿಬಿಪಿಯ ಒಂದು ಪ್ರತಿ ಕೆಟ್ಟಿದ್ದರೆ ಮಗುವಿನ ಬೌದ್ಧಿಕ ಬೆಳವಣಿಗೆ ಕುಂಠಿತವಾಗುತ್ತದೆ. ಆದ್ದರಿಂದಲೇ ಈ ಕಿಣ್ವಗಳನ್ನು ತಡೆಯುವ, ಚುರುಕುಗೊಳಿಸುವ ಅಣುಗಳಿಗಾಗಿ ಹುಡುಕಾಟ.

ಅಂಥ ಮೊದಮೊದಲ ಕೆಲವು ಅಣುಗಳು ಸಿಕ್ಕಿದ್ದು ನಮ್ಮ ಹಿತ್ತಲಿನಲ್ಲೇ. ಗೇರುಬೀಜ ಒಡೆಯುವ ಹೆಂಗಸರ ಬೆರಳನ್ನು ಸುಟ್ಟು ಕಪ್ಪಾಗಿಸುವ ಸಿಪ್ಪೆಯ ಎಣ್ಣೆಯನ್ನು ಕರಾವಳಿಯವರು ಬಲ್ಲರು. ಅದರಲ್ಲಿರುವ ಅನಕಾರ್ಡಿಕ್ ಆಮ್ಲ ಪಿ300 ಅನ್ನು ತಡೆಯುತ್ತದೆ ಎಂದು ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಾಪಸ್ ಕುಂಡು ಅವರ ತಂಡ 2003ರಲ್ಲಿ ತೋರಿಸಿತು. ಮರುವರ್ಷ ಪುನರ್ಪುಳಿ ಸಿಪ್ಪೆಯ ಗಾರ್ಸಿನಾಲ್, ಅರಿಶಿನದ ಕರ್ಕ್ಯುಮಿನ್ ಸಹ ಪಟ್ಟಿಗೆ ಸೇರಿದವು. ಅದೇ ತಂಡ ಮುಂದೆ ಪಿ300 ಅನ್ನು ಚುರುಕುಗೊಳಿಸುವ ಅಣುವನ್ನು ಇಂಗಾಲದ ನ್ಯಾನೊಗೋಳಗಳಿಗೆ ಜೋಡಿಸಿ ಮಿದುಳಿಗೆ ದಾಟಿಸಿತು. ಫ್ರಾನ್ಸಿನ ವಿಜ್ಞಾನಿಗಳ ಜೊತೆ ನಡೆಸಿದ ಆ ಪ್ರಯೋಗದಲ್ಲಿ ಇಲಿಗಳ ನೆನಪು ಹೆಚ್ಚು ಕಾಲ ಉಳಿಯಿತೆಂದು 2013ರಲ್ಲಿ ವರದಿಯಾಯಿತು.

ಇವೆಲ್ಲ ಶುದ್ಧಗೊಳಿಸಿದ ಅಣುಗಳಿಂದ, ಪ್ರಯೋಗಾಲಯದ ಕೋಶಗಳಲ್ಲಿ ಮತ್ತು ಇಲಿಗಳಲ್ಲಿ ಸಿಕ್ಕ ಫಲಿತಾಂಶಗಳು. ಬೇಸಿಗೆಗೆ ಪುನರ್ಪುಳಿ ಶರಬತ್ತು ಧಾರಾಳವಾಗಿ ಕುಡಿಯಿರಿ. ಅದನ್ನೇ ಬಾಟಲಿಗೆ ತುಂಬಿ ಜೀನ್ ತಿದ್ದುವ ಔಷಧಿ ಎಂದು ಮಾರಲು ಬಂದವರಿಗೆ ಮಾತ್ರ ದಯವಿಟ್ಟು ಹಣ ಕೊಡಬೇಡಿ.